ಅತ್ತೆಗೊಂದು ಇಂಜಿನಿಯರಿಂಗ್ ಸೀಟು

ಅತ್ತೆಯನ್ನು ಎಲ್ಲಾದರೂ ದೂರದೇಶಕ್ಕೆ ಕಳಿಸಿಬಿಡಬೇಕು ಅಂತ ಯಾವ ಸೊಸೆ ತಾನೇ ಒಂದಲ್ಲ ಒಂದು ದಿನ ಅಂದುಕೊಂಡಿಲ್ಲ? ನನ್ನ ಹಣೆಬರಹ ನೋಡಿ, ನಮ್ಮತ್ತೆ ಆ ಸುಖವನ್ನೂ ನನಗೆ ಬಿಡಲಿಲ್ಲ. ತಾವೇ ಅರ್ಜಿ ಹಾಕಿಕೊಂಡರು! ಅದೂ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳೋಕೋ ಅಲ್ಲ. ಇಂಜಿನಿಯರಿಂಗ್ ಓದೋಕೆ. ಅರವತ್ತೆರಡನೇ ವಯಸ್ಸಿನಲ್ಲಿ. ಜರ್ಮನಿಯಲ್ಲಿ.

ಊರಿನ ಹೆಸರು ಕೇಳಬೇಡಿ. ಅದನ್ನು ಸರಿಯಾಗಿ ಹೇಳೋಕೆ ಹೋದರೆ ಬಾಯಲ್ಲಿರೋ ಎಲೆ ಅಡಿಕೆ ಎದುರಿಗಿರೋರ ಮೇಲೆ ಬೀಳುತ್ತೆ.

ಅತ್ತೆ ಗುಬ್ಬಿ ಕಡೆಯವರು. ಅವರಪ್ಪನಿಗೆ ತೆಂಗಿನ ತೋಟ, ಹೊಲ, ಒಂದು ಪಂಪ್‌ಸೆಟ್. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಬರೋ ಹೊತ್ತಿಗೆ ಎರಡು ಜಡೆಯ ಈ ಹುಡುಗಿ ಅದನ್ನು ಪೂರ್ತಿ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿರುತ್ತಿದ್ದರಂತೆ. ಜೋಡಿಸೋದು ಮಾತ್ರ ಮೆಕ್ಯಾನಿಕ್ಕೇ. ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂತು, ಇಂಜಿನಿಯರಿಂಗ್ ಸೀಟೂ ಬಂತು. ಅವರಪ್ಪ ಮಾತ್ರ "ಹೆಣ್ಣುಡುಗಿ ಸ್ಪ್ಯಾನರ್ ಹಿಡ್ಕಂಡು ಏನ್ ಮಾಡೀತು, ಬುಡು" ಅಂದುಬಿಟ್ಟರು. ಅತ್ತೆಯೂ ಬಿಟ್ಟರು. ಬಿಎಸ್ಸಿ ಮಾಡಿ, ಬಿಎಡ್ ಮಾಡಿ, ಹೈಸ್ಕೂಲಿನಲ್ಲಿ ಸೈನ್ಸ್ ಟೀಚರಾಗಿ ರಿಟೈರ್ ಆದರು.

ಅಲ್ಲಿಗೆ ಮುಗೀತು ಅಂದುಕೊಂಡಿರಾ? ಪ್ರತಿ ವರ್ಷ ಅವರ ಹಳೇ ಶಿಷ್ಯರು ಯಾರಾದರೂ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಸ್ವೀಟ್ ಬಾಕ್ಸ್ ಹಿಡಿದು ಬರೋರು. "ಮೇಡಂ, ಇಂಜಿನಿಯರಿಂಗ್ ಸೀಟ್ ಸಿಕ್ತು" ಅಂತ ಕಾಲಿಗೆ ಬೀಳೋರು. ಅತ್ತೆ ತಲೆ ಮುಟ್ಟಿ ಹರಸೋರು. ಗೇಟಿನ ಚಿಲಕ ಬಿದ್ದ ಸದ್ದಾದ ತಕ್ಷಣ ಒಂದು ಮೈಸೂರು ಪಾಕ್ ಬಾಯಿಗೆ ಹಾಕಿಕೊಂಡು, "ಇವ್ನು ನನಗಿಂತ ದಡ್ಡ ಕಣೇ!" ಅನ್ನೋರು. ಬಾಕ್ಸ್ ಖಾಲಿಯಾಗೋವರೆಗೂ ಸಿಟ್ಟು ಇರೋದು. ಎರಡು ಕೆಜಿ ಬಾಕ್ಸ್ ಬಂದರೆ ನಮಗೆ ವಾರವೆಲ್ಲ ಕಷ್ಟ.

ಮೊದಲು ಇಲ್ಲೇ ಒಂದು ಕಾಲೇಜಿಗೆ ಹೋಗಿ ವಿಚಾರಿಸಿದರು. ಕೌಂಟರಿನಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ "ಕೂತ್ಕೊಳ್ಳಿ ಅಜ್ಜಿ, ಮೊಮ್ಮಗ ಬಂದಿಲ್ವಾ?" ಅಂದನಂತೆ. ಮನೆಗೆ ಬಂದವರೇ ಚಪ್ಪಲಿ ಬಿಡುವ ಮುಂಚೆ ಘೋಷಿಸಿದರು: "ಈ ದೇಶದಲ್ಲಿ ಓದಲ್ಲ!"

ಒಂದು ತಿಂಗಳು ಫೋನಿನಲ್ಲಿ ಮುಖ ಹುದುಗಿಸಿ, ವಯಸ್ಸು ಕೇಳದ ಯೂನಿವರ್ಸಿಟಿಯೊಂದನ್ನು ಹುಡುಕಿಯೇಬಿಟ್ಟರು. ಮೆಕ್ಯಾನಿಕಲ್. ಪಾಠ ಇಂಗ್ಲಿಷಿನಲ್ಲಂತೆ. ನನ್ನ ಗಂಡ ಪೇಪರಿನ ಹಿಂದಿನಿಂದಲೇ "ಅಮ್ಮಾ, ಮಂಡಿ ನೋವಿಗೆ ಮೊದಲು ಡಾಕ್ಟ್ರಿಗೆ ತೋರ್ಸು" ಅಂದರು. "ಮಂಡಿ ಮೇಲೆ ಬರೀತಾರೇನೋ ಪರೀಕ್ಷೇನ?" ಅಂದರು ಅತ್ತೆ.

ಹೆಸರಿಗೆ ಅರ್ಜಿ ಅವರದು, ಕೆಲಸ ನಂದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇಷ್ಟು ದಿನ ಹಾಲಿನವನ ಲೆಕ್ಕ ಬರೆಯೋಕೆ ಉಪಯೋಗವಾಗಿತ್ತು. ಈಗ ಅದಕ್ಕೂ ಕಾಲ ಬಂತು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಹತ್ತು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?

"ಗೋಡೆ ಮೇಲೆ" ಅಂದರು ಅತ್ತೆ, ಹುರುಳಿಕಾಯಿ ನಾರು ತೆಗೀತಾ. "ನಿಮ್ಮ ಮಾವನ ಪಕ್ಕ. ಹಾರ ಹಾಕ್ಕೊಂಡು."

"ಅತ್ತೆ, ಹಂಗೆಲ್ಲ ಬರಿಯೋಕಾಗಲ್ಲ."

"ಸರಿ, ಯಂತ್ರಗಳ ನಡುವೆ ಅಂತ ಬರಿ."

ಆ ಮಾತು ಅವರಿಗೇ ಬಹಳ ಇಷ್ಟವಾಗಿ, ಅವತ್ತೇ ಮಧ್ಯಾಹ್ನ ಅಭ್ಯಾಸಕ್ಕೆ ಅಂತ ನಮ್ಮ ಮಿಕ್ಸಿ ಬಿಚ್ಚಿದರು. ಮುಂಚೆ ಅದಕ್ಕೆ ಮೂರು ಸ್ಪೀಡಿತ್ತು. ಈಗ ಒಂದೇ. ಆ ಸ್ಪೀಡಿನಲ್ಲಿ ಚಟ್ನಿ ನೇರ ಸೀಲಿಂಗಿಗೆ ಹೋಗುತ್ತೆ.

ಆಮೇಲೆ ಶಿಫಾರಸು ಪತ್ರದ ರಗಳೆ. ಪಾಠ ಮಾಡಿದ ಗುರುಗಳು ಬರೆದುಕೊಡಬೇಕಂತೆ. ಅರವತ್ತು ದಾಟಿದವರ ಗುರುಗಳು ಎಲ್ಲಿರುತ್ತಾರೆ ಹೇಳಿ? ಆ ಪ್ರಶ್ನೆ ಕೇಳೋಕೆ ನನಗೆ ಸಂಕೋಚ. ಅತ್ತೆಗೆ ಯಾವ ಸಂಕೋಚ? ನಾಲ್ಕು ಕಡೆ ಫೋನ್ ಮಾಡಿ, ಪಿಯುಸಿಯಲ್ಲಿ ಗಣಿತ ಹೇಳಿದ ಮೇಷ್ಟರು ಕುಣಿಗಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ ಅಂತ ಪತ್ತೆ ಹಚ್ಚಿದರು. ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದೆವು.

ಮೇಷ್ಟರಿಗೆ ತೊಂಬತ್ತರ ಹತ್ತಿರ. ಜಗಲಿಯ ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದರು. ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು.

"ಮೊದಲ್ನೇ ಬೆಂಚು. ಎರಡು ಜಡೆ."

"ಹೂಂ ಸಾರ್!"

"ಏನಮ್ಮ ಬಂದಿದ್ದು?"

"ಇಂಜಿನಿಯರಿಂಗ್‌ಗೆ ಹಾಕಿದೀನಿ ಸಾರ್. ನಿಮ್ಮದೊಂದು ಕಾಗದ ಬೇಕಿತ್ತು."

ಮೇಷ್ಟರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ! ಮೊನ್ನೆ ತಾನೇ ರಿಸಲ್ಟ್ ಬಂದಿದೆಯೇನೋ ಅನ್ನೋ ಹಾಗೆ ತಲೆಯಾಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ನಿಮ್ಮಪ್ಪ ಒಪ್ಪಿದನೇನಮ್ಮ?"

ಅವರಪ್ಪ ಹೋಗಿ ಎಷ್ಟೋ ವರ್ಷಗಳಾಗಿವೆ. ಅತ್ತೆ ಸೆರಗು ಸರಿಮಾಡಿಕೊಂಡು, "ಈಗ ಏನೂ ತಕರಾರಿಲ್ಲ ಸಾರ್" ಅಂದರು.

ಮೇಷ್ಟರು ಬರೆದುಕೊಟ್ಟಿದ್ದು ಇಷ್ಟು: ಹುಡುಗಿ ಚುರುಕು, ಮಾತು ಸ್ವಲ್ಪ ಜಾಸ್ತಿ, ತಿದ್ದಿದರೆ ಮುಂದೆ ಬರುತ್ತಾಳೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಅದನ್ನು ಮೂರು ಸಲ ಓದಿಸಿಕೊಂಡರು. "'ಮಾತು ಜಾಸ್ತಿ' ಅನ್ನೋದನ್ನ ಇಂಗ್ಲಿಷಿಗೆ ಹಾಕ್ಬೇಡ" ಅಂದರು. ಹಾಕಲಿಲ್ಲ. ಸಿಸ್ಟರುಗಳು ಕ್ಷಮಿಸಲಿ, 'ಸಂವಹನ ಕೌಶಲ ಉತ್ತಮವಾಗಿದೆ' ಅಂತ ಹಾಕಿದೆ.

ಅರ್ಜಿ ಹೋಯಿತು. ಶುರುವಾಯಿತು ನೋಡಿ ಕಾಯೋದು!

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹಿಂದಂತೆ. ಸರಿ, ಮಾವನ ಹಳೇ ವಾಚಿಗೆ ಸೆಲ್ ಹಾಕಿಸಿ, ಆ ಊರಿನ ಟೈಮಿಗೆ ತಿರುಗಿಸಿ, ಬಳೆಯ ಪಕ್ಕ ಕಟ್ಟಿಕೊಂಡರು. ನಾನು ಊಟಕ್ಕೆ ಕರೆದರೆ, "ತಾಳೇ, ಅವ್ರು ಈಗಿನ್ನೂ ಆಫೀಸ್ ಬಾಗ್ಲು ತೆಗೀತಿದಾರೆ" ಅನ್ನೋರು. ಫೋನು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ. ಟಿಣ್ ಅಂದರೆ ಸಾಕು, ಮನೆಯೆಲ್ಲ ಉಸಿರು ಬಿಗಿಹಿಡಿಯೋದು. ನೋಡಿದರೆ ಸೀರೆ ಅಂಗಡಿಯ ಆಷಾಢದ ಆಫರ್! ಆ ಅಂಗಡಿಗೆ ನಾವು ಅಲ್ಲಿಂದೀಚೆಗೆ ಕಾಲಿಟ್ಟಿಲ್ಲ. ಅತ್ತೆಗೆ ಅದರ ಮೇಲೆ ಅಷ್ಟು ಕೋಪ.

ಚಳಿಗೆ ಮೈ ಒಗ್ಗಿಸಬೇಕು ಅಂತ ಇನ್ನೊಂದು. ಬೆಳಬೆಳಗ್ಗೆ ಮಗನ ಕೈಲಿ ಕಾರು ತೆಗೆಸಿ ದೇವರಾಯನದುರ್ಗದ ಬೆಟ್ಟ ಹತ್ತಿಸಿದರು, ಸ್ವೆಟರ್ ಇಲ್ಲದೆ. ಒಂದೇ ದಿನ. ಮಗನಿಗೆ ಶೀತವಾಯಿತು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ಎದುರಿಗೆ ಸ್ಟೂಲು ಹಾಕಿಕೊಂಡು ಕೂರೋಕೆ ಶುರು ಮಾಡಿದರು. ಪಕ್ಕದ ಮನೆಯಾಕೆ ಸಕ್ಕರೆ ಕೇಳೋಕೆ ಬಂದವರು ಇದನ್ನು ನೋಡಿ ಗಾಬರಿಯಾದರು.

"ಯಾಕ್ ಮೇಡಮ್ಮೋರೇ, ಹಿಂಗ್ ಕೂತಿದೀರಿ? ಸೊಸೆ ಏನಾದ್ರೂ ಅಂದ್ಲಾ?"

"ಇಲ್ಲ ಕಣಮ್ಮ. ಜರ್ಮನಿಗೆ ಹೋಗ್ತಿದೀನಿ."

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಏನಂತ? ಮಗ ಸೊಸೆ ಸೇರಿಕೊಂಡು ಆ ತಾಯಿಯನ್ನು ದೇಶ ಬಿಟ್ಟೇ ಓಡಿಸ್ತಿದ್ದಾರೆ ಅಂತ! ನನ್ನ ಗಂಡ ತರಕಾರಿಗೆ ಹೋದರೆ ಸೊಪ್ಪಿನವಳೂ ಮುಖ ಕೊಟ್ಟು ಮಾತಾಡಲಿಲ್ಲ. "ಅಮ್ಮಾ, ಸಾಕು ಮಾಡಮ್ಮ ಈ ನಾಟಕ" ಅಂತ ಅವರು ಗೋಗರೆದರು. ಅತ್ತೆ ವಾಚು ನೋಡಿಕೊಂಡು, "ಈಗ ಅಲ್ಲಿ ಕಾಫಿ ಟೈಮು" ಅಂದರು.

ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಮಾತ್ರ ದಿನಾ ಒಂದೇ ಮಾತು: ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.

"ನನ್ನ ಪೆನ್ಷನ್ ಫೈಲೂ ಹಿಂಗೇ ಪರಿಶೀಲನೇಲಿತ್ತು" ಅಂದರು ಅತ್ತೆ. "ಹೋಗಿ ಗುಮಾಸ್ತರ ಮುಂದೆ ಬುತ್ತಿ ಬಿಚ್ಚಿ ಕೂತ್ಕೊಂಡೆ. ಸಂಜೆಗೆ ಸೈನಾಯ್ತು. ಇವ್ರ ಮುಂದೆ ಹೋಗಿ ಕೂರೋದು ಹೆಂಗೆ? ನೀನು ಫೋನ್ ಮಾಡು."

ಮಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು, ಬಹಳ ಶಿಸ್ತಿನ ದನಿ. ದಯವಿಟ್ಟು ಕಾಯಿರಿ ಅಂದರು. ಅತ್ತೆ ಪಕ್ಕದಿಂದ ನನ್ನ ಪಕ್ಕೆ ತಿವಿದು, "ಊಟ ಆಯ್ತಾ ಕೇಳು" ಅಂದರು.

"ಅತ್ತೆ, ಅವರು ಆಫೀಸಿನೋರು!"

"ಆಫೀಸಿನೋರು ಊಟ ಮಾಡಲ್ವಾ? ಕೇಳೇ!"

ಕೇಳಿದೆ. ಆ ಶಿಸ್ತಿನ ದನಿ ಸ್ವಲ್ಪ ಮೆತ್ತಗಾಗಿ, ಇನ್ನೂ ಇಲ್ಲ ಅಂತು. "ಪಾಪ! ಮೊದಲು ಉಣ್ಣು ಅನ್ನು. ಖಾಲಿ ಹೊಟ್ಟೇಲಿ ನನ್ನ ಫೈಲ್ ನೋಡೋದು ಬೇಡ" ಅಂದರು ಅತ್ತೆ. ಇದನ್ನು ಇಂಗ್ಲಿಷಿಗೆ ಹೇಗೆ ಹಾಕಲಿ? ಥ್ಯಾಂಕ್ಯೂ ಅಂತ ಹೇಳಿ ಇಟ್ಟೆ.

ಕೊನೆಗೆ ದೇವರನ್ನೇ ಕೇಳೋಣ ಅಂತಾಯಿತು. ಊರ್ಡಿಗೆರೆ ಕಡೆ ಒಂದು ಈಶ್ವರನ ಗುಡಿ. ಲಿಂಗದ ಮೇಲೆ ಹೂವಿಟ್ಟು ಮನಸ್ಸಿನಲ್ಲಿ ಕೇಳಿಕೊಂಡರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅತ್ತೆ ಕಣ್ಣು ಮುಚ್ಚಿ ಬಲ ಕೇಳಿದರು. ಅವರ ಪಕ್ಕ ನಿಂತು ನಾನು ಏನು ಕೇಳಿದೆ ಅಂತ ಈಗ ಹೇಳಿಬಿಡುತ್ತೇನೆ, ಅವರು ಇದನ್ನು ಓದಿದರೂ ಚಿಂತೆಯಿಲ್ಲ: ಎಡ. ಆ ಮನುಷ್ಯೆ ಹೋಗಿಬಿಟ್ಟರೆ ಅಡುಗೆಮನೆಯಲ್ಲಿ ನಾನು ಯಾರ ಜೊತೆ ಜಗಳ ಆಡಲಿ? ಸಾರಿಗೆ ಉಪ್ಪು ಕಡಿಮೆ ಅಂತ ನನಗೆ ಯಾರು ಹೇಳಬೇಕು?

ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಲ್ಲೇ ಕೂತಿತ್ತು. ಅರ್ಚಕರು ಕಾದು ಕಾದು ಆಕಳಿಸಿದರು. "ಏನ್ ಕೇಳ್ಕೊಂಡ್ರಮ್ಮ?"

"ಸೀಟು ಕಣಯ್ಯ."

"ಹಂಗಾದ್ರೆ ವೇಟಿಂಗ್ ಲಿಸ್ಟು" ಅಂದು ಅವರು ಮಂಗಳಾರತಿ ತಟ್ಟೆ ತಂದರು.

ಮೇಲ್ ಬಂದಿದ್ದು ಒಂದು ಮಧ್ಯಾಹ್ನ, ಊಟ ಮುಗಿದ ಮೇಲೆ. ಭಾನುವಾರದ ಹಾಗೆ ಎಲ್ಲರೂ ಮನೆಯಲ್ಲೇ ಇದ್ದೆವು, ಯಾವುದೋ ರಜೆ. ಟಿಣ್ ಅಂದಾಗ "ಸೀರೆಯೋರು" ಅಂದರು ಅತ್ತೆ. ಸೀರೆಯವರಲ್ಲ. ನಾನೇ ಓದಬೇಕಾಯಿತು. ಮೊದಲ ಸಾಲಿನಲ್ಲೇ ಇತ್ತು, ವಿಷಾದ ಅನ್ನೋ ಪದ. ಇಂಗ್ಲಿಷಿನಲ್ಲಿ ಇಲ್ಲ ಅನ್ನೋದನ್ನು ಎಷ್ಟು ನಯವಾಗಿ ಹೇಳುತ್ತಾರೆ! ಅರ್ಧಕ್ಕೆ ನಿಲ್ಲಿಸಿದೆ. ಕಣ್ಣಲ್ಲಿ ನೀರು.

"ಫೇಲಾಗಿರೋದು ನಾನು, ಅಳ್ತಿರೋದು ನೀನು! ಮುಗ್ಸೇ ಪೂರ್ತಿ" ಅಂದರು ಅತ್ತೆ.

ಮುಗಿಸಿದೆ. ಅರ್ಜಿ ಚೆನ್ನಾಗಿದೆ, ಈ ಸಲ ಜಾಗಕ್ಕಿಂತ ಜನ ಹೆಚ್ಚು, ಪಾಠ ಇಂಗ್ಲಿಷಿನಲ್ಲಾದರೂ ಜರ್ಮನ್ ಭಾಷೆಯ ಪರೀಕ್ಷೆಯೊಂದನ್ನು ಪಾಸು ಮಾಡಿಕೊಂಡು ಮುಂದಿನ ವರ್ಷ ಮತ್ತೆ ಹಾಕಿ, ನಿಮ್ಮ ಅರ್ಜಿಯನ್ನು ಎದುರು ನೋಡುತ್ತೇವೆ.

"ಆ ಕೊನೇದು ಇನ್ನೊಂದ್ಸಲ ಓದು."

ಓದಿದೆ.

"ಮುಂದಿನ ವರ್ಷ" ಅಂದರು ಅತ್ತೆ ನಿಧಾನಕ್ಕೆ. "ನೋಡ್ದಾ? ರಿಟೈರ್ ಆದಮೇಲೆ ನನ್ನ ಯಾರೂ ಮುಂದಿನ ವರ್ಷ ಬಾ ಅಂತ ಕರ್ದಿರಲಿಲ್ಲ ಕಣೇ." ನಕ್ಕರು. ನಿಜವಾಗಿ ನಕ್ಕರು. ಒಂದು ಹನಿ ನೀರಿಲ್ಲ ಕಣ್ಣಲ್ಲಿ.

ಕಿಟಕಿ ಪಕ್ಕ ಕೂತಿದ್ದ ನನ್ನ ಗಂಡ ಪೇಪರ್ ಮಡಿಚಿದರು. ಬಿಚ್ಚಿದರು. ಮತ್ತೆ ಮಡಿಚಿದರು. ಯಾರ ಮುಖವನ್ನೂ ನೋಡದೆ ಕೇಳಿದರು, "ಆ ಜರ್ಮನ್ ಕ್ಲಾಸು ಎಲ್ಲಿ ಮಾಡ್ತಾರಂತೆ? ಬೆಂಗ್ಳೂರಲ್ಲಾ?"

"ಇರ್ಬೇಕು" ಅಂದೆ.

"ಭಾನುವಾರ ಇದ್ರೆ ನೋಡು. ನಾನು ಕರ್ಕೊಂಡು ಹೋಗ್ತೀನಿ ಬಿಡಮ್ಮ. ಕ್ಲಾಸ್ ಮುಗಿಯೋವರ್ಗೂ ಹೊರಗೆ ಕಾರಲ್ಲಿ ಕೂತಿರ್ತೀನಿ."

ಅತ್ತೆ ಮಗನನ್ನೇ ನೋಡುತ್ತಾ ನಿಂತರು. ತಟ್ಟನೆ ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ, ಸೆರಗಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಅಡುಗೆಮನೆಗೆ ನಡೆದರು.

"ಏನೇ ನೋಡ್ತಾ ನಿಂತಿದೀಯಾ, ಹಾಲು ಉಕ್ತಾ ಇದೆ!" ಅಂತ ಒಳಗಿನಿಂದ ಗದರಿದರು.

ಒಲೆ ಮೇಲೆ ಹಾಲೇ ಇಟ್ಟಿರಲಿಲ್ಲ.