ಅಪ್ಪನ ಬಲಗೆನ್ನೆ

ನನ್ನ ತಮ್ಮ ನಮ್ಮ ಅಪ್ಪನನ್ನು ಹದಿನೇಳು ಸಲ ಕೆಡಿಸಿದ. ತೀರಿಹೋಗಿ ನಲವತ್ತು ವರ್ಷವಾದವರನ್ನು ಕೆಡಿಸುವುದು ಹೇಗೆ ಅನ್ನುತ್ತೀರಾ? ಕಂಪ್ಯೂಟರ್ ಇದ್ದರೆ ಸಾಧ್ಯ!

ಮಸ್ಕಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ತೊಂಬತ್ತರ ದಶಕದ ಕೊನೆಗೆ ಬ್ರಷ್ಷು ತೊಳೆದಿಟ್ಟು, ಸಿಂಧನೂರಿನ ಕಂಪ್ಯೂಟರ್ ಸೆಂಟರ್ ಸೇರಿದ. ಮನೆಯಲ್ಲಿ ಅಪ್ಪನದು ಇದ್ದದ್ದು ಒಂದೇ ಫೋಟೋ. ಅದರ ಬಲಗೆನ್ನೆ, ಅರ್ಧ ತುಟಿಯ ಸಮೇತ, ಗೆದ್ದಲಿನ ಪಾಲಾಗಿತ್ತು. ಅವ್ವನ ಕಣ್ಣೋ, ದಿನದಿನಕ್ಕೆ ಮಂಜಾಗುತ್ತಿತ್ತು. ತೋರಿಸುವುದನ್ನೆಲ್ಲ ಈ ತಿಂಗಳೊಳಗೆ ತೋರಿಸಿಬಿಡಿ ಎಂದಿದ್ದರು ಡಾಕ್ಟರು. ಅವ್ವ ಕೇಳಿದ್ದು ಇಷ್ಟೇ: "ನಿಮ್ಮಪ್ಪನ ಮಾರಿ ಪೂರಾ ಒಮ್ಮೆ ನೋಡಬೇಕಪಾ."

"ನಾ ಮಾಡಿಕೊಡ್ತೀನಿ" ಎಂದ ತಮ್ಮ, ರಾಯಚೂರಿಗೆ ಹೋಗಿ ಫೋಟೋ ಸ್ಕ್ಯಾನ್ ಮಾಡಿಸಿಕೊಂಡು ಬಂದ. ಮರಳಿ ಚೌಕಟ್ಟಿಗೆ ಸೇರಿಸುವಾಗ ಫೋಟೋ ಹಪ್ಪಳದಂತೆ ಪುಡಿಪುಡಿಯಾಯಿತು. ಇನ್ನು ಅಪ್ಪ ಉಳಿದದ್ದು ಒಂದು ಫ್ಲಾಪಿಯಲ್ಲಿ. ಅದನ್ನು ಈ ಮಹಾನುಭಾವ ಬೀಡಿಕಟ್ಟಿನ ಜೊತೆ ಅಂಗಿ ಜೇಬಿನಲ್ಲಿಟ್ಟು ತಿರುಗುತ್ತಿದ್ದ!

ನನಗೆ ಸಮಾಧಾನ ಎಲ್ಲಿಯದು? ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ರೊಟ್ಟಿ. ಈ ಕ್ರಮಕ್ಕೆ ಎಂಟರ ಸಿಂಧನೂರು ಬಸ್ಸೂ ಸೇರಿತು.

ಮೊದಲ ದಿನ ಹೋಗಿ ನೋಡಿದರೆ ಪರದೆಯೆಲ್ಲ ಕೇಸರಿ.

"ಲೇ, ಅಪ್ಪ ಎಲ್ಲೋ?"

"ಒಳಗ ಅದಾನಣ್ಣ. ರುಮಾಲಿಗೆ ಬಣ್ಣ ಸುರುವಿದೆ. ಗೆರಿ ಒಂದೀಟು ಕೂಡಿದ್ದಿಲ್ಲ ನೋಡು, ಕಾಲುವಿ ಒಡದಂಗ ಮೀಸಿತನಕ ಹರದೈತಿ!"

ಮರುದಿನ ಕಂಪ್ಯೂಟರಿನೊಳಗೇ ಇರುವ, ಬಣ್ಣ ಸಿಡಿಸುವ ಡಬ್ಬಿಯ ಪ್ರಯೋಗ.

"ಮಾರಿ ತುಂಬ ಚುಕ್ಕಿ ಚುಕ್ಕಿ, ಅಮ್ಮ ಎದ್ದಾಳಲ್ಲೋ!"

"ನೆರಳು ಕೊಡಾಕತ್ತೀನಿ. ನಿನಗ ಕಲಾ ತಿಳಿಯಂಗಿಲ್ಲ, ಸುಮ್ಮಕಿರು."

ಆಮೇಲೆ ಎಡಗೆನ್ನೆಯನ್ನೇ ನಕಲು ಮಾಡಿ, ಮಗುಚಿ, ಬಲಕ್ಕೆ ಅಂಟಿಸಿದ. ಕೆನ್ನೆಯೇನೋ ಕೂತಿತು, ಜೊತೆಗೆ ಅಪ್ಪನ ಮಚ್ಚೆ ಎರಡಾಯಿತು! ಒಂದನ್ನು ಅಳಿಸು ಎಂದರೆ ಎರಡನ್ನೂ ಅಳಿಸಿ ಕೂತ. ಮಾಡಿದ್ದನ್ನು ಹಿಂದಕ್ಕೆ ತರುವ ಉಪಾಯವೊಂದಿತ್ತಂತೆ, ಆದರೆ ಅದು ಮೂರೇ ಹೆಜ್ಜೆ ಹಿಂದೆ ಹೋಗುತ್ತದಂತೆ. ಇವನು ಆರು ಹೆಜ್ಜೆ ಮುಂದೆ ಹೋಗಿದ್ದ. ಸಾಲದ್ದಕ್ಕೆ ಫ್ಲಾಪಿಯಲ್ಲಿದ್ದ ಅಪ್ಪನ ಮೇಲೆಯೇ ಸೇವ್ ಮಾಡಿದ್ದ!

"ಮಚ್ಚಿ ಎಷ್ಟು ದೊಡ್ಡದಿತ್ತಣ್ಣ?"

ಇವನು ನನ್ನನ್ನಲ್ಲದೆ ಯಾರನ್ನು ಕೇಳಬೇಕು? ಅಪ್ಪ ತೀರಿದಾಗ ಇವನು ನಾಲ್ಕು ತಿಂಗಳ ಕೂಸು. ನಾನು ಒಂಬತ್ತು ವರ್ಷ ಆ ಮುಖದೆದುರು ಕೂತು ಉಂಡವನು. ಎಳ್ಳಿನಷ್ಟಿತ್ತೋ, ತೊಗರಿಬೇಳೆಯಷ್ಟಿತ್ತೋ? ನೆನಪಾಗಲಿಲ್ಲ.

"ಎಳ್ಳಿನಷ್ಟು" ಎಂದುಬಿಟ್ಟೆ.

ತಿಂಗಳು ಮುಗಿಯಲು ಎರಡು ದಿನವಿರುವಾಗ ತಮ್ಮ ಚಿತ್ರವನ್ನು ಪ್ರಿಂಟ್ ಹಾಕಿಸಿ ತಂದ. ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

"ಇಷ್ಟು ನಗ್ತಿರಲಿಲ್ಲಪಾ ಅವರು" ಎಂದಳು.

ತಮ್ಮ ತಲೆ ತಗ್ಗಿಸಿದ. "ಅರ್ಧ ತುಟಿ ಇದ್ದಿಲ್ಲವ್ವ. ನನ್ನ ನೋಡಿ ಹೆಂಗ ನಕ್ಕಿರಬೇಕು ಅಂತ ಅಂದಾಜು ಮಾಡಿ ಬರದೆ."

ಅವ್ವ ಚಿತ್ರದಿಂದ ಕಣ್ಣೆತ್ತಿ, ಅವನು ನಿಂತಿದ್ದ ಕಡೆಗೆ ಮುಖ ತಿರುಗಿಸಿದಳು. "ಹೌದೌದು. ನಿನ್ನ ಮೊದಲ ಸಲ ಎತ್ತಿಗೊಂಡಾಗ ಹಿಂಗ ನಕ್ಕಿದ್ರು."

ಇವನು ಹುಟ್ಟುವ ಮೊದಲೇ ಅಪ್ಪ ಹಾಸಿಗೆ ಹಿಡಿದಿದ್ದರು. ಕೂಸನ್ನು ಎತ್ತಿಕೊಳ್ಳುವ ಬಲ ಆ ಕೈಗಳಲ್ಲಿ ಇರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.

"ಖರೇನ ಅಣ್ಣ?" ಎಂದ ತಮ್ಮ.

"ಹೌದಲೇ, ನಾನೂ ನೋಡೀನಿ" ಎಂದೆ.