ಮರ ಕೊಯ್ಯುವ ಮಷೀನಿಗೆ ಕಾನ್ವೆಂಟ್ ಇಂಗ್ಲಿಷ್

ನನ್ನ ತಮ್ಮ ಪೆಟ್ರೋಲನ್ನು ಮೂಸಿ ಅದರ ವಯಸ್ಸು ಹೇಳುತ್ತಾನೆ. ಸುಳ್ಳಲ್ಲ, ಐ ಸ್ವೇರ್! ಬಾಟಲಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದೇ ಹೊಳ್ಳೆಯಿಂದ ಎಳೆದು, “ಇದು ಸಂಕ್ರಾಂತಿ ಹಿಂದಿಂದು, ಸತ್ತೋಗೈತೆ” ಎಂದು ತೀರ್ಪು ಕೊಡುತ್ತಾನೆ. ಹೆಂಡತಿಯ ವಯಸ್ಸನ್ನು ಮಾತ್ರ, ಆ ಪುಣ್ಯಾತ್ಗಿತ್ತಿ ಬದುಕಿರುವವರೆಗೂ, ರೇಷನ್ ಕಾರ್ಡ್ ನೋಡಿಯೇ ಹೇಳುತ್ತಿದ್ದ.

ಹೊನ್ನಾಳಿಯಲ್ಲಿ ನಲವತ್ತು ವರ್ಷ ಸ್ಕೂಟರ್ ರಿಪೇರಿ ಮಾಡಿದವನು. ಈಗ ಎಪ್ಪತ್ತೆರಡು. ಅಂಗಡಿ ಮುಚ್ಚಿದರೂ ಒಂದು ಮಷೀನನ್ನು ಬಿಟ್ಟಿಲ್ಲ: ಮರ ಕೊಯ್ಯುವ ಹಳೇ ಚೈನ್‌ಸಾ. ಜಗಳೂರು ಕಡೆ ಬಳ್ಳಾರಿ ಜಾಲಿ ಕೊಯ್ಯುತ್ತಿದ್ದವನೊಬ್ಬ ಕೆಟ್ಟಿತೆಂದು ಬಿಸಾಡಿದ್ದನ್ನು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದನಂತೆ. ಕಂಡಕ್ಟರ್ “ಏನ್ರೀ ಅದು?” ಎಂದರೆ “ಪೇಷೆಂಟು” ಎಂದನಂತೆ!

ಈ ಬೇಸಿಗೆಯಲ್ಲಿ ಆ ಪೇಷೆಂಟು ನನ್ನ ಬಿ.ಪಿ. ಏರಿಸಿತು. ತಮ್ಮನ ಹಿತ್ತಿಲಿನ ಬೇವಿನ ಮರದ ದೊಡ್ಡ ಕೊಂಬೆಯೊಂದು ಒಣಗಿ, ಪಕ್ಕದ ಟೈಲರ್ ಮಾಬೂಸಾಬರ ಶೀಟಿನ ಮನೆಯ ಮೇಲೆ ವಾಲಿತ್ತು. ಅದರ ಸರಿಕೆಳಗೆ ತೊಟ್ಟಿಲು. ಸಾಬರ ಮಗಳು ಹೆರಿಗೆಗೆಂದು ಬಂದವಳು, ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ಗಾಳಿ ಎದ್ದರೆ ಕೊಂಬೆ ಕರ್‍ ಎನ್ನುತ್ತಿತ್ತು. ನಾನಿರುವ ನ್ಯಾಮತಿಯಿಂದ ಮರ ಕೊಯ್ಯುವವನನ್ನು ಕಳಿಸುತ್ತೇನೆಂದು ಫೋನಿನಲ್ಲಿ ಹೇಳಿದರೆ, “ನನ್ನ ಮರ, ನನ್ನ ಮಷೀನು, ನಾನೇ ಕೊಯ್ತೀನಿ. ಮಾಬೂಗೆ ಮಾತು ಕೊಟ್ಟೀನಿ. ಆದ್ರೆ ಮಷೀನು ಎದ್ದೇಳ್ತಿಲ್ಲ. ಅದರ ಪುಸ್ತಕ ಇಂಗ್ಲಿಷ್ನಾಗೈತೆ, ನೀನು ಬಾ ಅಕ್ಕಾ” ಎಂದ.

ಹೋದೆ. ನಮ್ಮ ಮನೆಯಲ್ಲಿ ಕಾನ್ವೆಂಟಿಗೆ ಹೋದವಳು ನಾನೊಬ್ಬಳೇ. ಅವನನ್ನು ಹನ್ನೆರಡು ವರ್ಷಕ್ಕೇ ಗ್ಯಾರೇಜಿಗೆ ಹಾಕಿದರು. ಆ ಗಿಲ್ಟ್ ನನಗೆ ಈಗಲೂ ಇದೆ. ಅದಕ್ಕೇ ಅವನು ಕರೆದರೆ ಇಲ್ಲವೆನ್ನಲಾರೆ.

ಹೋದೊಡನೆ ನನ್ನ ಕಣ್ಣಿಗೆ ಬಿದ್ದದ್ದು ಕೊಂಬೆಯಲ್ಲ, ಅವನ ಬಲಗೈ. ಕಾಫಿ ತಂದ ಬಸಿಯಲ್ಲಿ ಕಪ್ಪು ಗಲಗಲ ಎನ್ನುತ್ತಿತ್ತು. ನಾನು ನೋಡುತ್ತಿರುವುದು ತಿಳಿದು ಕೈಯನ್ನು ಪಂಚೆಯ ಮರೆಗೆ ಸರಿಸಿದ.

“ಏನೋ ಅದು?”

“ಚಳಿ.”

ಏಪ್ರಿಲ್‌ನಲ್ಲಿ!

ಆ ಕೈಯಲ್ಲಿ ಹಲ್ಲಿನ ಸರಪಳಿಯೇ? ಮೈ ಗಾಡ್! ಮಷೀನು ಏಳದಿದ್ದರೆ ಕೂಸಿನ ಚಿಂತೆ, ಎದ್ದರೆ ತಮ್ಮನ ಚಿಂತೆ. ನೀವೇ ಹೇಳಿ, ನಾನು ಯಾವ ದೇವರಿಗೆ ಏನೆಂದು ಹರಕೆ ಹೊರಲಿ?

ಮೊದಲು ಇಂಧನ. ಹಳೇ ಪೆಟ್ರೋಲ್ ಚೆಲ್ಲಿ ಹೊಸದಕ್ಕೆ ಆಯಿಲ್ ಬೆರೆಸಬೇಕು, ಅಳತೆ ತಪ್ಪಬಾರದು. ಅಳತೆಗೆಂದು ಮೆಡಿಕಲ್ ಶಾಪಿಗೆ ಹೋಗಿ ಗೆರೆಗಳಿರುವ ಹಾಲಿನ ಬಾಟಲಿ ಕೇಳಿದ. ಅಂಗಡಿಯವನು “ಎಷ್ಟು ತಿಂಗಳಿನ ಕೂಸಿಗ್ರೀ?” ಎಂದದ್ದಕ್ಕೆ “ನಲವತ್ತು ವರ್ಷದ್ದು, ಕುಡಿದದ್ದೆಲ್ಲ ಕಾರ್ತೈತೆ” ಎಂದು ಬಂದ.

ಆಮೇಲೆ ಕಿಡಿ. ಪ್ಲಗ್ ಬಿಚ್ಚಿ, ನನ್ನ ಟೂತ್‌ಬ್ರಷ್ಷಿನಿಂದಲೇ (ಹೌದು, ನನ್ನದೇ!) ಉಜ್ಜಿ, ಸಿಲಿಂಡರಿಗೆ ತಾಗಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಬಿಸಿಲಿಗೆ ಕಿಡಿ ಕಾಣಲಿಲ್ಲ. ನಮ್ಮಿಬ್ಬರ ತಲೆಯ ಮೇಲೂ ಕಂಬಳಿ ಎಳೆದುಕೊಂಡ.

“ನೀಲಿ ಐತಾ, ಹಳದಿ ಐತಾ? ಸರಿಯಾಗಿ ನೋಡು!”

ಪೆಟ್ರೋಲಿನ ವಾಸನೆ, ಅದರೊಳಗೆ ಕಿಡಿ, ಸುತ್ತ ಕಂಬಳಿ! ನಾನು ಕಾನ್ವೆಂಟಿನಲ್ಲಿ ಕಲಿತ ಹೈಲ್ ಮೇರಿ ಪ್ರಾರ್ಥನೆ ಶುರುಮಾಡಿದ್ದೆ. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಮಾಬೂಸಾಬರ ದನಿ: “ಅಣ್ಣಾರೇ, ಅಕ್ಕಾರ್‍ಗೆ ನೆಗಡಿ ಏನ್ರೀ? ಹಬೆ ಕೊಡ್ತಿದೀರಾ?”

ಕಿಡಿ ನೀಲಿಯೇ ಇತ್ತು, ಅಂದರೆ ಪ್ಲಗ್ ಸರಿಯಿತ್ತು. ಹಾಗಾದರೆ ಕಾರ್ಬ್ಯುರೇಟರಿನ ತೆಳು ರಬ್ಬರ್ ಪೊರೆ ಹೋಗಿರಬೇಕು ಎಂದ. ಬಸ್ ಹತ್ತಿ ಚನ್ನಗಿರಿಗೆ ಹೋದೆವು. ತೋಟದ ಮಷೀನುಗಳ ಸ್ಪೇರ್ ಅಂಗಡಿಯವನು ಹಳೇ ಪೊರೆಯನ್ನು ತಿರುಗಿಸಿ ನೋಡಿ ನಕ್ಕ. “ಅಜ್ಜಾ, ಇದು ಮ್ಯೂಸಿಯಂನಾಗೆ ಸಿಗ್ತೈತೆ.”

“ಎಷ್ಟೊತ್ತಿಗೆ ತೆಗೀತಾರೆ?” ಎಂದ ನನ್ನ ತಮ್ಮ, ಗಂಭೀರವಾಗಿ.

ಕೊನೆಗೆ ಬೇರೆ ಮಷೀನಿನ ಪೊರೆಯನ್ನೇ ಕತ್ತರಿಸಿ ಕೂರಿಸಿದ. ಸ್ಕೂಟರ್ ಕಾಲದವನಲ್ಲವೇ, ಕಿಕ್ ಹೊಡೆಯುವ ಮೊದಲು ಗಾಡಿಯನ್ನು ಮಗ್ಗುಲಿಗೆ ವಾಲಿಸಿದ ಹಾಗೆ ಚೈನ್‌ಸಾವನ್ನೂ ಜೋಗುಳ ಹಾಡುವವನಂತೆ ವಾಲಿಸಿ, ನೆಲಕ್ಕಿಟ್ಟು, “ಓದು ಅಕ್ಕಾ” ಎಂದ.

ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ಚೋಕ್ ಎಳೆದು ಹಗ್ಗ ಎಳೆಯಿರಿ, ಇಂಜಿನ್ ಒಮ್ಮೆ ಕೆಮ್ಮಿದೊಡನೆ ಚೋಕನ್ನು ಒಳಗೆ ತಳ್ಳಿ, ಮತ್ತೆ ಎಳೆಯಿರಿ. ನಾನು ಅವನ ಕೈ ನೋಡಿದೆ. “ಕೆಮ್ಮಿದರೂ ಚೋಕ್ ಮುಟ್ಟಬೇಡ, ಎಳೆಯುತ್ತಲೇ ಇರು ಅಂತಿದೆ” ಎಂದೆ. ಬದುಕಿನಲ್ಲಿ ಮೊದಲ ಬಾರಿ ಇಂಗ್ಲಿಷನ್ನು ಬೇಕೆಂದೇ ತಪ್ಪಾಗಿ ಓದಿದೆ! ನಮ್ಮ ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಗ್ಯಾರಂಟಿ.

ಮಷೀನು ಒಮ್ಮೆ ಕೆಮ್ಮಿತು. ಅವನು ಎಳೆದ, ಎಳೆದ, ಎಳೆದ. ಪ್ಲಗ್ಗು ಪೆಟ್ರೋಲಿನಲ್ಲಿ ಮುಳುಗಿ ಸುಮ್ಮನಾಯಿತು. ಒಣಗಿಸಿ ಮತ್ತೆ ಎಳೆದ. ಎರಡು ದಿನ ಇದೇ ಆಯಿತು. ನನಗೆ ಸಮಾಧಾನವೂ ಆಗುತ್ತಿತ್ತು, ಕೊಂಬೆ ಕರ್‍ ಎಂದಾಗಲೆಲ್ಲ ಕಾಂಪೌಂಡಿಗೆ ಓಡಿ ಕೂಸಿನ ದನಿಗೆ ಕಿವಿಗೊಡುತ್ತಲೂ ಇದ್ದೆ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಜೋರಾಯಿತು. ತೋಳಿನಷ್ಟು ದಪ್ಪದ ರೆಂಬೆಯೊಂದು ಮುರಿದು ಶೀಟಿನ ಮೇಲೆ ಢಬ್ಬೆಂದು ಬಿತ್ತು. ಕೂಸು ಕಿರುಚಿಕೊಂಡಿತು. ಓಡಿದೆವು. ಮಾಬೂಸಾಬರು ತೊಟ್ಟಿಲನ್ನು ಹೊರಗಿನ ಅಂಗಡಿಗೆ ತಂದು ಹೊಲಿಗೆ ಮಷೀನಿನ ಪಕ್ಕ ಇಡುತ್ತಿದ್ದರು. “ಏನೂ ಆಗಿಲ್ರೀ ಅಣ್ಣಾರೇ. ಅವಸರ ಮಾಡ್ಬ್ಯಾಡ್ರಿ, ನಿಧಾನಕ್ಕೆ ಆಗ್ಲಿ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿತ್ತಿಲಿಗೆ ಬಂದು ಹೇಳಿಬಿಟ್ಟೆ. “ನಾನು ಸುಳ್ಳು ಓದಿದೆ ಕಣೋ. ಚೋಕ್ ಒಳಗೆ ತಳ್ಳಬೇಕಂತೆ.”

ಅವನು ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. “ಗೊತ್ತೈತೆ ಬಿಡು. ಚೋಕ್ ಯಾವಾಗ ಒತ್ತಬೇಕು ಅಂತ ನನಗೆ ಪುಸ್ತಕ ಹೇಳ್ಬೇಕಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನನ್ನ ಕೈಲಾಗಂಗಿಲ್ಲ ಅಂತ ಮಾಬೂಗೆ ಹೆಂಗೆ ಹೇಳ್ಲಿ ಅಕ್ಕಾ? ಮಷೀನು ಕೆಟ್ಟೈತೆ ಅನ್ನಾಕೆ ನೀನು ಒಂದು ದಾರಿ ಕೊಟ್ಟೆ.” ಪ್ಲಗ್ಗನ್ನು ನನ್ನ ಕೈಗಿಟ್ಟು, “ನ್ಯಾಮತಿಯವನಿಗೆ ಫೋನ್ ಮಾಡು” ಎಂದ.

ಮಾರನೆಯ ಬೆಳಿಗ್ಗೆ ನ್ಯಾಮತಿಯ ಮರ ಕೊಯ್ಯುವವನು ಹೊಸ ಮಷೀನು ಹೊತ್ತು ಬಂದ. ನನ್ನ ತಮ್ಮ ಅಡ್ಡ ನಿಂತ. “ಅದನ್ನ ಅಲ್ಲೇ ಇಡಪ್ಪ. ಇದ್ರಾಗೇ ಕೊಯ್ಯಿ, ನಾನು ಎಬ್ಬಿಸಿ ಕೊಡ್ತೀನಿ.” ಪಂಚೆ ಎತ್ತಿ ಕಟ್ಟಿ, ಚೋಕ್ ಎಳೆದು, ಹಗ್ಗ ಜಗ್ಗಿದ. ಕೆಮ್ಮಿತು. ಚೋಕ್ ತಳ್ಳಿದ. ಮತ್ತೊಮ್ಮೆ ಜಗ್ಗಿದ್ದೇ ತಡ, ಹೊನ್ನಾಳಿಗೆಲ್ಲ ಕೇಳುವಂತೆ ಗರ್ಜಿಸಿತು! ಮಾಬೂಸಾಬರು ಕಾಂಪೌಂಡಿನಾಚೆಯಿಂದ ಚಪ್ಪಾಳೆ ತಟ್ಟಿದರು.

ತಮ್ಮ ತಕ್ಷಣ ಕೊಡಲಿಲ್ಲ. ಮಷೀನನ್ನು ಎರಡೂ ಕೈಯಲ್ಲಿ ಎದೆಯೆತ್ತರ ಹಿಡಿದು ಒಂದು ನಿಮಿಷ ಹಾಗೇ ನಿಂತ. ನ್ಯಾಮತಿಯವನು ಕಾಯುತ್ತಿದ್ದ. ನಾನೂ ಅವಸರ ಮಾಡಲಿಲ್ಲ. ಇಂಜಿನ್ನಿನ ಜೊತೆ ಅವನ ಕೈ, ತೋಳು, ಬಿಳಿ ಮೀಸೆ ಎಲ್ಲವೂ ನಡುಗುತ್ತಿದ್ದವು. ಅದರಲ್ಲಿ ಮಷೀನಿನ ನಡುಕ ಯಾವುದು, ನನ್ನ ತಮ್ಮನದು ಯಾವುದು ಎಂದು ಆ ಒಂದು ನಿಮಿಷ ಯಾರಿಗೂ ಗೊತ್ತಾಗಲಿಲ್ಲ.