ಸೌಂಡು ಕೂಡುವ ಜಾಗ

ವೆಂಕಟರಾಯಪ್ಪ ತನ್ನ ಕುರ್ಚಿಯನ್ನು ಗೋಡೆಯಿಂದ ಮೂರು ಮೊಳ ಮುಂದಕ್ಕೆ ಎಳೆದುಕೊಂಡದ್ದೇ ಎಲ್ಲಕ್ಕೂ ಮೂಲ. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರೆ ಆ ಭಾನುವಾರವೂ ಹಿಂದೂಪುರದ ಮಿಕ್ಕ ಭಾನುವಾರಗಳ ಹಾಗೇ ಕಳೆದುಹೋಗುತ್ತಿತ್ತು. ಆದರೆ ಸುಮ್ಮನೆ ಕೂರುವ ಮನುಷ್ಯನಾಗಿದ್ದರೆ ಅವನು ಬೆಂಗಳೂರಿನಿಂದ ನಾಲ್ಕು ಸ್ಪೀಕರ್ ಪೆಟ್ಟಿಗೆಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು, ಚಿಲಮತ್ತೂರು ದಾಟುವವರೆಗೂ ಕಿಟಕಿಯಿಂದ ಕತ್ತು ಚಾಚಿ ಹಗ್ಗ ಬಿಚ್ಚಿತೇ ಎಂದು ನೋಡುತ್ತಾ ಬರುತ್ತಲೇ ಇರಲಿಲ್ಲ.

ಬೆಲ್ಲದ ಮಂಡಿಯ ಗುಮಾಸ್ತನಿಗೆ ಈ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ. ಮಂಡಿಯ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನನ್ನು ಸಾಹುಕಾರರ ನೆಂಟರೊಬ್ಬರು ತಮ್ಮ ಸೋಫಾದ ನಟ್ಟನಡುವೆ ಕೂರಿಸಿ ಒಂದು ಇಂಗ್ಲಿಷ್ ಪಿಕ್ಚರು ಹಾಕಿದ್ದರು. ಪಿಕ್ಚರಿನಲ್ಲಿ ಮಳೆ ಬಂತು. ಬಂದದ್ದು ಟಿವಿಯಿಂದಲ್ಲ, ಇವನ ಬೆನ್ನ ಹಿಂದಿನಿಂದ. ವೆಂಕಟರಾಯಪ್ಪ ಎದ್ದು ಕಿಟಕಿ ಮುಚ್ಚಲು ಹೋದ. ಮನೆಯವರೆಲ್ಲ ನಕ್ಕರು. ಅವನಿಗೆ ನಾಚಿಕೆಯಾಗಲಿಲ್ಲ, ಆಸೆಯಾಯಿತು. ಹುಟ್ಟಿದಾಗಿನಿಂದ ತನಗೆಂದು ಒಂದು ಜಾಗ ಇರದ ಮನುಷ್ಯ ಅವನು. ಮಂಡಿಯಲ್ಲಿ ಮೂಟೆಯ ಮೇಲೆ, ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೆ, ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿಯಲ್ಲಿ. ತನ್ನ ಮನೆಯಲ್ಲಿ, ತನ್ನ ಕುರ್ಚಿಯಲ್ಲಿ, ಆ ಮಳೆಯ ನಡುವೆ ಕೂತು ಒಂದು ಇಡೀ ಪಿಕ್ಚರು ನೋಡಬೇಕು ಅನ್ನುವುದೊಂದೇ ಅವನ ಧ್ಯಾನವಾಯಿತು.

ಸೆಟ್ಟು ಕೊಟ್ಟ ಮೆಕಾನಿಕ್ಕು ಹೇಳಿಕಳಿಸಿದ್ದ. ಪೆಟ್ಟಿಗೆ ಮಾಡುವುದು ಅರ್ಧ ಕೆಲಸ, ಮಿಕ್ಕರ್ಧ ಮಾಡುವುದು ಕೋಣೆ. ಎರಡು ಪೆಟ್ಟಿಗೆ ಟಿವಿಯ ಅಕ್ಕಪಕ್ಕ, ಎರಡು ಹಿಂದೆ. ನಾಲ್ಕರ ಸೌಂಡೂ ಬಂದು ಕೂಡುವ ಜಾಗ ಕೋಣೆಯಲ್ಲಿ ಒಂದೇ ಇರುತ್ತದೆ, ಅದನ್ನು ನೀವೇ ಹುಡುಕಿಕೊಳ್ಳಬೇಕು ಅಂತ.

ಭಾನುವಾರ ಬೆಳಿಗ್ಗೆ ಹುಡುಕಾಟ ಶುರುವಾಯಿತು. ಮಧ್ಯಾಹ್ನಕ್ಕೆ ಕಲ್ಯಾಣದುರ್ಗದಿಂದ ಗಂಡಿನ ಕಡೆಯವರು ಮಗಳು ಬನಶಂಕರಿಯನ್ನು ನೋಡಲು ಬರುವವರಿದ್ದರು. ಹೆಂಡತಿ ಶಿವಲಕ್ಷ್ಮಮ್ಮ ಅಡುಗೆಮನೆಯಲ್ಲಿ ಬಜ್ಜಿಗೆ ಹಿಟ್ಟು ಕಲಸುತ್ತಿದ್ದರೆ, ಗಂಡ ಆ ಮಳೆಯ ಪಿಕ್ಚರಿನ ಕ್ಯಾಸೆಟ್ಟು ಹಾಕಿ, ಕುರ್ಚಿ ಹಿಡಿದು ನಡುಮನೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದ. ಗೋಡೆಗೆ ಅಂಟಿ ಕೂತರೆ ಬರೀ ಗುಂಯ್ ಅನ್ನುವ ಮೊರೆತ. ಕಿಟಕಿ ಪಕ್ಕ ಕೂತರೆ ಒಂದು ಪೆಟ್ಟಿಗೆ ಮಾತ್ರ ಮಾತಾಡುತ್ತದೆ, ಮಿಕ್ಕವು ಮೌನವ್ರತ. ಮೂರು ಮೊಳ ಮುಂದಕ್ಕೆ ಎಳೆದಾಗ ಏನೋ ಕೂಡಿದಂತಾಯಿತು. ಆದರೆ ನೆಲವೂ ಕಡಪಕಲ್ಲು, ಮಾಳಿಗೆಯೂ ಕಲ್ಲುಚಪ್ಪಡಿ. ಹೀರೋ ಒಂದು ಸಲ ಹೇಳಿದ್ದನ್ನು ಕೋಣೆ ಎರಡು ಸಲ ಹೇಳುತ್ತಿತ್ತು.

ಬಿಡುವ ಆಸಾಮಿಯಲ್ಲ ಅವನು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಗೋಡೆಗಳಿಗೆ ನೇತುಹಾಕಿದ. ನೆಂಟರಿಗೆಂದು ಎತ್ತಿಟ್ಟಿದ್ದ ಹೊಸ ರಗ್ಗೂ ಮೊಳೆಗೆ ಬಿತ್ತು. ಮಂಡಿಗೆ ಓಡಿ ಬೆಲ್ಲ ತುಂಬಿ ಖಾಲಿಯಾಗಿದ್ದ ಗೋಣಿಚೀಲಗಳನ್ನು ಹೊತ್ತು ತಂದು ನಾಲ್ಕೂ ಮೂಲೆಗೆ ಒಟ್ಟಿದ. ಮತ್ತೆ ಕುರ್ಚಿಯಲ್ಲಿ ಕೂತು ಒಂದು ಗೇಣು ಹಿಂದೆ, ಅರ್ಧ ಗೇಣು ಎಡಕ್ಕೆ ಸರಿಯುತ್ತಾ ಹೋದ.

ಸಿಕ್ಕಿಬಿಟ್ಟಿತು. ಪೆಟ್ಟಿಗೆಯೇ ಇಲ್ಲದ ಕಡೆ, ಟಿವಿಯ ನಡುಮಧ್ಯದ ಗಾಳಿಯಲ್ಲಿ, ಒಬ್ಬ ಮನುಷ್ಯ ನಿಂತು ಮಾತಾಡಿದ. ಬೆನ್ನ ಹಿಂದೆ ಮಳೆ ಹನಿಯತೊಡಗಿತು. ವೆಂಕಟರಾಯಪ್ಪನ ಮೈಯೆಲ್ಲ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಸೀಮೆಸುಣ್ಣ ತಂದು ಕುರ್ಚಿಯ ನಾಲ್ಕೂ ಕಾಲುಗಳ ಸುತ್ತ ಗುಂಡಗೆ ಗುರುತು ಹಾಕಿ, ಹೆಂಡತಿಯನ್ನು ಕೂಗಿದ.

"ಒಂದೇ ನಿಮಿಷ ಬಂದು ಇಲ್ಲಿ ಕೂತ್ಕ ಬಾರೆ. ನಿನ್ ಜನ್ಮ ಸಾರ್ಥಕ ಆಯ್ತದೆ."

ಜನ್ಮ ಆಮೇಲೆ ನೋಡಿಕೊಳ್ಳೋಣ, ಈಗ ಒಗ್ಗರಣೆ ಸೀಯುತ್ತಿದೆ ಎಂದಳು ಅವಳು.

ಇವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯ ಪದ್ಮಾವತಮ್ಮ ಕಾಫಿ ಲೋಟಗಳನ್ನು ಕೊಡಲು ಬಂದಳು. ಗೋಡೆಗೆಲ್ಲ ಕೌದಿ, ಮೂಲೆಮೂಲೆಗೆ ಗೋಣಿ, ನೆಲದ ಮೇಲೆ ನಾಲ್ಕು ಬಿಳಿ ಮಂಡಲ. ಆಕೆ ಲೋಟಗಳನ್ನು ಹೊಸ್ತಿಲಲ್ಲೇ ಇಟ್ಟುಬಿಟ್ಟಳು.

"ಇದೇನಿದು ಶಿವಲಕ್ಷ್ಮಮ್ಮ, ಹೆಣ್ ನೋಡಾಕ್ ಬರೋ ದಿನ ಮನೇಲಿ ಮಾಟ ಯಾರ್ ಮಾಡ್ಸವ್ರೆ?"

ಮಾಟ ಅಲ್ಲ, ನಮ್ಮ ಮನೆಯವರ ಸೌಂಡಿನ ಹುಚ್ಚು ಎಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ತಾನೇ ಒದ್ದೆಬಟ್ಟೆ ತಂದು, ಕುರ್ಚಿ ಸರಿಸಿ ಗುರುತುಗಳನ್ನು ಒರೆಸಿ, ಅದರ ಮೇಲೆ ಶುಭವಾಗಲೆಂದು ಚುಕ್ಕೆರಂಗೋಲಿ ಬಿಟ್ಟಳು. ಗಲಾಟೆ ಕೇಳಿ ಎದುರುಮನೆಯ ಮುನೆಪ್ಪ ಬಂದ. ಬಸ್ ಕಂಡಕ್ಟರ್ ಆಗಿ ರಿಟೈರಾದವನು. ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಅವನ ರಕ್ತದಲ್ಲೇ ಇತ್ತು. ನಡುದಾರಿಯಲ್ಲಿ ಕುರ್ಚಿ ಇಟ್ಟರೆ ಜನ ಓಡಾಡುವುದು ಹೇಗೆ ಎಂದು ಕುರ್ಚಿಯನ್ನು ಗೋಡೆಗೆ ತಳ್ಳಿ, ಹಿಂದಿನ ಪೆಟ್ಟಿಗೆಯ ಮೇಲೆ ವೀಳ್ಯದ ತಟ್ಟೆ ಇಟ್ಟ. ತಲೆ ಒರೆಸಿಕೊಳ್ಳುತ್ತ ಬಂದ ವೆಂಕಟರಾಯಪ್ಪ ಟವೆಲ್ಲನ್ನು ಅಲ್ಲೇ ಬಿಸಾಡಿ ಕುರ್ಚಿಯನ್ನು ಗೋಡೆಯಿಂದ ಎಳೆದ. ಮತ್ತೆ ಕ್ಯಾಸೆಟ್ಟು ಹಾಕಿ, ಮತ್ತೆ ಗೇಣು ಗೇಣು ಸರಿದು, ಬೆವರು ಸುರಿಸಿ ಆ ಜಾಗವನ್ನು ಎರಡನೇ ಸಲ ಹಿಡಿಯುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

ಗಂಡಿನ ತಂದೆ ಕದಿರಪ್ಪ, ತಾಯಿ ರಂಗಲಕ್ಷ್ಮಮ್ಮ, ಗಂಡು ಜಯರಾಮ. ಹುಡುಗ ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟುತ್ತಿದ್ದ. ವೆಂಕಟರಾಯಪ್ಪ ಬಾಯಿ ತೆರೆಯುವ ಮೊದಲೇ ಮುನೆಪ್ಪ ಟಿಕೆಟ್ ಹರಿಯುವವನಂತೆ ಎಲ್ಲರಿಗೂ ಸೀಟು ಹಂಚಿದ. ಹಿರಿಯರು ಮೂಲೆಯ ಮಂಚಕ್ಕೆ, ಹೆಂಗಸರು ಹಿಂದಿನ ಪೆಟ್ಟಿಗೆಯ ಪಕ್ಕದ ಚಾಪೆಗೆ. ಮನೆಗೆ ಅಳಿಯನಾಗಬಹುದಾದ ಗಂಡನ್ನು ಕೂರಿಸುವುದು ಇರುವುದರಲ್ಲಿ ಒಳ್ಳೆಯ ಕುರ್ಚಿಯಲ್ಲಿ. ಜಯರಾಮ ಹೋಗಿ ಸರಿಯಾಗಿ ಸೌಂಡು ಕೂಡುವ ಜಾಗದಲ್ಲಿ ಕೂತ. ಮನೆಯ ಯಜಮಾನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

ಹೋಗಲಿ, ಸಂಜೆ ಇವರು ಹೋದಮೇಲೆ ಕೂತರಾಯಿತು ಎಂದು ಸಮಾಧಾನ ಮಾಡಿಕೊಂಡ. ಆದರೂ ಸೆಟ್ಟು ತೋರಿಸುವ ಚಪಲ ಬಿಡಬೇಕಲ್ಲ. ಕುಶಲ ಕೇಳುವುದು ಮುಗಿಯುವುದರೊಳಗೆ ಕ್ಯಾಸೆಟ್ಟು ಹಾಕಿಬಿಟ್ಟ.

ಹಿಂದಿನಿಂದ ಮಳೆ ಬಂತು. ರಂಗಲಕ್ಷ್ಮಮ್ಮ ಒಣಹಾಕಿದ ಬಟ್ಟೆಯೇನಾದರೂ ಹೊರಗಿದೆಯೇ ಎಂದು ಕೇಳಿದಳು. ಗುಡುಗು ಬಂತು. ಅದೇ ಹೊತ್ತಿಗೆ ಮೂಲೆಯ ಗೋಣಿಯಲ್ಲಿ ಬೆಲ್ಲದ ವಾಸನೆಗೆ ಸೇರಿದ್ದ ಇರುವೆಗಳು ಮಂಚದ ಕಾಲು ಹತ್ತಿ ಕದಿರಪ್ಪನ ಅಂಗಿಯೊಳಗೆ ನುಗ್ಗಿದವು. ಕದಿರಪ್ಪ ಕೂತಲ್ಲೇ ಒಂದು ಗೇಣು ಮೇಲಕ್ಕೆ ಹಾರಿದ. ಸಂಬಂಧ ಹೋಯಿತು ಅಂದುಕೊಂಡ ವೆಂಕಟರಾಯಪ್ಪ. ಆದರೆ ಕದಿರಪ್ಪನ ಮುಖದಲ್ಲಿ ಭಕ್ತಿಯೇ ಮೂಡಿತ್ತು.

"ಏನ್ ಸೆಟ್ಟಪ್ಪ ಇದು. ಸೌಂಡು ಬೆನ್ ಮ್ಯಾಲೇ ಹರದಾಡ್ತೈತೆ. ಕಚ್ಚಿದಂಗೇ ಆಯ್ತದೆ."

ವೆಂಕಟರಾಯಪ್ಪ ಇರುವೆಯ ಮಾತೆತ್ತದೆ ಸೌಂಡನ್ನು ಇನ್ನೊಂದಿಷ್ಟು ಏರಿಸಿದ. ಬನಶಂಕರಿ ಕಾಫಿ ತಟ್ಟೆ ಹಿಡಿದು ಬಂದಳು. ಗಂಡು ಕಣ್ಣು ಮುಚ್ಚಿ ಕೂತಿತ್ತು. ತಾಯಿ ಕೆಮ್ಮಿ ಎಚ್ಚರಿಸಿದ ಮೇಲೆ ಕಣ್ಣು ಬಿಟ್ಟು, ಹುಡುಗಿಯನ್ನು ನೋಡಿ ಗಾಬರಿಯಿಂದ ಹಿಂದಕ್ಕೆ ಒರಗಿದ. ಬೆಳಗಿನಿಂದ ಅಪ್ಪನ ಪುರಾಣ ಕೇಳಿ ಕೇಳಿ ಬಾಯಿಪಾಠವಾಗಿದ್ದ ಬನಶಂಕರಿ ಮೆಲ್ಲಗೆ ಹೇಳಿದಳು.

"ಹಿಂದಕ್ ಒರಗ್ಬ್ಯಾಡಿ, ಸೌಂಡು ಹೊಂಟೋಯ್ತದೆ."

ಹುಡುಗ ನೆಟ್ಟಗೆ ಕೂತ. ಸೌಂಡು ವಾಪಸ್ ಬಂತು. ಆಮೇಲೆ ಅವನು ಟಿವಿ ಬಿಟ್ಟು ಹುಡುಗಿಯನ್ನೇ ನೋಡುತ್ತಿದ್ದ. ಸಂಬಂಧ ಅಲ್ಲಿಗೇ ಕುದುರಿತು.

ಕೊಡುವ ಬಿಡುವ ಮಾತು ಬಂದಾಗ ಕದಿರಪ್ಪ ಬೆನ್ನು ಕೆರೆದುಕೊಳ್ಳುತ್ತಾ, ತಮಗೆ ಯಾವ ಆಸೆಯೂ ಇಲ್ಲ, ಆ ಸೆಟ್ಟೊಂದನ್ನು ಹುಡುಗಿಯ ಜೊತೆ ಕಲ್ಯಾಣದುರ್ಗಕ್ಕೆ ಕಳಿಸಿಬಿಟ್ಟರೆ ಸಾಕು ಎಂದ. ಶಿವಲಕ್ಷ್ಮಮ್ಮ ಹೂಂ ಅನ್ನಲು ಬಾಯಿ ತೆರೆದಳು. ವೆಂಕಟರಾಯಪ್ಪನಿಗೆ ಎದೆಯೊಳಗೆ ಯಾರೋ ಪ್ಲಗ್ಗು ಕಿತ್ತ ಹಾಗಾಯಿತು. ಒಂದು ಪಿಕ್ಚರನ್ನೂ ಕೂತು ನೋಡಿಲ್ಲ, ಆಗಲೇ ಬಸ್ಸು ಹತ್ತಿಸಬೇಕಂತೆ. ಇಲ್ಲ ಅಂದರೆ ಸಂಬಂಧ ಮುರಿಯುತ್ತದೆ, ಹೂಂ ಅಂದರೆ ಪ್ರಾಣ ಹೋಗುತ್ತದೆ. ಆಗ ಅವನಿಗೆ ಮೆಕಾನಿಕ್ಕಿನ ಮಾತೇ ದೇವರ ಹಾಗೆ ಒದಗಿತು.

"ತಗಂಡ್ ಹೋಗಿ ಕದಿರಪ್ಪನೋರೇ, ನಂದೇನೂ ಇಲ್ಲ. ಆದ್ರೆ ಸೌಂಡ್ ಇರಾದು ಪೆಟ್ಗೇಲಲ್ಲ, ಈ ಕ್ವಾಣೇಲಿ. ನಿಮ್ಮನೆ ಸೂರು ಎಂತಾದು?"

ತಗಡಿನ ಶೀಟು ಎಂದ ಕದಿರಪ್ಪ.

"ಮುಗೀತು. ಬಾಣಲೇಲಿ ಕಲ್ ಹಾಕಿ ಅಲ್ಲಾಡ್ಸಿದಂಗ್ ಕೇಳ್ತದೆ."

ಅಷ್ಟಕ್ಕೇ ಬಿಡಲಿಲ್ಲ. ಪಟಪಟನೆ ಕೌದಿಗಳನ್ನು ಕಿತ್ತು ಹಾಕಿ ಕೇಳಿಸಿದ, ಕೋಣೆ ಬಾವಿಯಾಯಿತು. ಮತ್ತೆ ಕೌದಿ ಕಟ್ಟಿ, ಹುಡುಗನನ್ನು ಕುರ್ಚಿ ಸಮೇತ ಒಂದು ಮೊಳ ಎಳೆದು ಕೇಳಿಸಿದ, ಮಳೆ ನಿಂತುಹೋಯಿತು. ವಾಪಸ್ ತಳ್ಳಿದ, ಮಳೆ ಬಂತು. ಕೋರ್ಟಿನಲ್ಲಿ ನಿಂತ ಲಾಯರಿನಂತೆ ಕೈ ಬೀಸಿ ಬೀಸಿ ವಾದಿಸಿದ. ಒಂದೇ ಬಸ್ಸು, ಒಂದೇ ರೋಡು ಆದರೂ ಮುಂದಿನ ಸೀಟಿನಲ್ಲಿ ನಿದ್ದೆ ಬರುತ್ತದೆ, ಕೊನೆಯ ಸೀಟಿನಲ್ಲಿ ಸೊಂಟ ಮುರಿಯುತ್ತದೆ ಎಂದು ಮುನೆಪ್ಪ ಸಾಕ್ಷಿ ನುಡಿದ. ಮಂಡಲ ಒರೆಸಿದ ಪದ್ಮಾವತಮ್ಮನೂ ಹೌದು ಕಣಪ್ಪ, ಎಲ್ಲಾ ಜಾಗದ ಮಹಿಮೆ ಎಂದಳು.

"ನಂಗ್ ತಿಳ್ದಂಗೆ ಭೂಮಿ ಮ್ಯಾಲೆ ಈ ಸೆಟ್ ಸೌಂಡ್ ಕೊಡಾದು ಈ ಮನೆ, ಈ ಕುರ್ಚಿ, ಈ ಜಾಗ ಒಂದ್ರಲ್ಲೇ," ಎಂದು ಮುಗಿಸಿದ ವೆಂಕಟರಾಯಪ್ಪ.

ಮೂವರೂ ಎದ್ದು ಜಗಲಿಗೆ ಹೋಗಿ ಗುಸುಗುಸು ಮಾತಾಡಿದರು. ಒಳಗೆ ಶಿವಲಕ್ಷ್ಮಮ್ಮ ಬಂದ ಸಂಬಂಧವನ್ನು ಹಾಳು ಮಾಡಿದಿರಿ ಎಂದು ಗಂಡನನ್ನು ಕಣ್ಣಲ್ಲೇ ಸುಟ್ಟಳು. ಕದಿರಪ್ಪ ವಾಪಸ್ ಬಂದು ಮಂಚದ ಬೇರೆ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಸೆಟ್ಟು ಇಲ್ಲಿಂದ ಅಲುಗಾಡುವುದು ಬೇಡ, ಸಂಬಂಧವೂ ಗಟ್ಟಿ ಎಂದ.

ವೆಂಕಟರಾಯಪ್ಪನಿಗೆ ಕುಣಿಯಬೇಕೆನಿಸಿತು. ಸೆಟ್ಟೂ ಉಳಿಯಿತು, ಮಗಳ ಮದುವೆಯೂ ಆಯಿತು. ಸಂಜೆ ಯಾವ ಕ್ಯಾಸೆಟ್ಟು ಹಾಕಿ ಕೂರುವುದು ಎಂದು ಆಗಲೇ ಲೆಕ್ಕ ಹಾಕತೊಡಗಿದ.

"ಹುಡುಗನ್ನೇ ಇಲ್ಲಿಗ್ ಕಳಿಸ್ಬುಡ್ತೀವಿ," ಎಂದ ಕದಿರಪ್ಪ. "ನಮ್ಗೇನ್ ಇವನೊಬ್ನೇನಾ, ನಾಲ್ಕ್ ಜನ ಗಂಡ್ಮಕ್ಳು. ಇಲ್ಲರಿಕಂ ಅಳಿಯನಾಗಿ ನಿಮ್ಮನೇಲೇ ಇರ್ಲಿ. ಮೋಟ್ರು ಎಲ್ಲಾ ಊರಾಗೂ ಸುಟ್ಟೋಯ್ತವೆ. ಏನಂತೀರ?"

ಏನನ್ನುವುದಕ್ಕೂ ವೆಂಕಟರಾಯಪ್ಪನಿಗೆ ಅವಕಾಶ ಸಿಗಲಿಲ್ಲ. ಒಬ್ಬಳೇ ಮಗಳು ಕಣ್ಣೆದುರೇ ಉಳಿಯುತ್ತಾಳೆಂದು ಶಿವಲಕ್ಷ್ಮಮ್ಮ ಆನಂದದಿಂದ ಅಳುತ್ತಾ ಬೀಗಿತ್ತಿಯನ್ನು ತಬ್ಬಿಕೊಂಡಿದ್ದಳು. ಪದ್ಮಾವತಮ್ಮ ಸಕ್ಕರೆ ತರಲು ಓಡಿದಳು. ಮುನೆಪ್ಪ ಆಗಲೇ ವೀಳ್ಯ ಹಂಚುತ್ತಿದ್ದ. ಮಗಳು ಬಾಗಿಲ ಮರೆಯಲ್ಲಿ ನಗುತ್ತಿದ್ದಳು. ಮನೆಯ ಅಳಿಯನನ್ನು ಕುರ್ಚಿಯಿಂದ ಏಳಿಸಿ ತಾನು ಕೂರುವ ಮಾವ ಹಿಂದೂಪುರದಲ್ಲಿ ಹುಟ್ಟಿದ್ದಿಲ್ಲ, ಹುಟ್ಟುವುದೂ ಇಲ್ಲ ಅನ್ನುವುದು ವೆಂಕಟರಾಯಪ್ಪನಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ಜಯರಾಮ ನಾಚಿಕೊಳ್ಳುತ್ತಲೇ ಬಂದು ಆ ಜಾಗದಲ್ಲಿ, ಆ ಕುರ್ಚಿಯಲ್ಲಿ, ಹಿಂದಕ್ಕೆ ಒರಗದೆ ಸರಿಯಾಗಿ ಕೂತ. ಕ್ಯಾಸೆಟ್ಟು ತಿರುಗಿತು. ಅವನು ಕಿವಿ ನಿಮಿರಿಸಿ ಕೇಳಿದ, ಏನೋ ಕಮ್ಮಿಯಾದಂತೆ ಹುಬ್ಬು ಗಂಟಿಕ್ಕಿ, ಹಿಂದಿನ ಪೆಟ್ಟಿಗೆಯ ಮುಂದೆ ನಿಂತಿದ್ದ ವೆಂಕಟರಾಯಪ್ಪನ ಕಡೆ ತಿರುಗಿದ.

"ಮಾವ, ಒಸಿ ಆಕಡೀಕ್ ಹೋಗಿ. ನೀವಲ್ ನಿಂತ್ರೆ ಮಳೆ ಸರ್ಯಾಗ್ ಕೇಳಾಕಿಲ್ಲ."